ನಿಯಮ ಇರಲಿ, ದುಡ್ಡು ಕಟ್ಟುವ ಮೊದಲೇ ಹೇಳಿ

ಸಾಲು ರಜೆಗಳ ವಾರ ಮುಗಿದರೆ ಸಾಕು, ನನಗೆ ಬರುವ ಪತ್ರ ಮತ್ತು ಫೋನುಗಳಲ್ಲಿ ಒಂದು ದೂರು ತಪ್ಪದೆ ಇರುತ್ತದೆ. ಘಟ್ಟದ ಮಗ್ಗುಲಲ್ಲಿ ಎಲ್ಲೋ ಒಂದು ಟೆಂಟ್ ಕ್ಯಾಂಪಿಗೆ ಅಥವಾ ಹೋಂಸ್ಟೇಗೆ ಹೋಗಿ ಬಂದವರ ದೂರು ಅದು. ಕಾಡು ಚೆನ್ನಾಗಿತ್ತು, ಊಟವೂ ಚೆನ್ನಾಗಿತ್ತು, ಆದರೆ ಯಜಮಾನರು ನಮ್ಮನ್ನು ಹಾಸ್ಟೆಲಿನ ಮಕ್ಕಳ ಹಾಗೆ ನಡೆಸಿಕೊಂಡರು ಎನ್ನುತ್ತಾರೆ. ಗಟ್ಟಿಯಾಗಿ ನಕ್ಕರೆ ಬೈಗುಳ, ತಡವಾಗಿ ಎದ್ದರೆ ತಿಂಡಿ ಇಲ್ಲ, ಅಂಗಳಕ್ಕೆ ಕಾಲಿಟ್ಟರೆ ಗದರಿಕೆ. ದುಡ್ಡು ಕೊಟ್ಟು ಬಂದವರ ಮೇಲೆ ಇಷ್ಟೆಲ್ಲ ನಿರ್ಬಂಧ ಹಾಕಬಹುದೇ, ಇದನ್ನು ಕೇಳುವವರು ಯಾರು ಎಂಬುದು ಅವರ ಪ್ರಶ್ನೆ. ಸುಳ್ಯ ತಾಲೂಕಿನ ಮರ್ಕಂಜದಲ್ಲಿ ಕೂತು ಬರೆಯುವ ನನಗೆ ಈ ಪ್ರಶ್ನೆಯ ಎರಡೂ ಮಗ್ಗುಲು ಹತ್ತಿರದವು. ನಮ್ಮ ನೆರೆಕರೆಯಲ್ಲಿ ಮನೆಯ ಕೋಣೆಗಳನ್ನು ಪ್ರವಾಸಿಗರಿಗೆ ಕೊಡುವವರಿದ್ದಾರೆ. ನಾನೂ ಅತಿಥಿಯಾಗಿ ಹೋಗಿ ಮನಸ್ಸು ಕೆಡಿಸಿಕೊಂಡು ಬಂದದ್ದುಂಟು.

ಆ ಅನುಭವವನ್ನು ಹೇಳಿದರೆ ಮುಂದಿನ ಮಾತು ಸುಲಭವಾಗುತ್ತದೆ. ಒಂದು ಡಿಸೆಂಬರಿನಲ್ಲಿ ನಾವು ಮತ್ತು ತಂಗಿಯ ಮನೆಯವರು ಸೇರಿ ಘಟ್ಟದ ಮೇಲಿನ ಒಂದು ಟೆಂಟ್ ಕ್ಯಾಂಪಿಗೆ ಹೋದೆವು. ಜಾಗದ ಹೆಸರು ಇಲ್ಲಿ ಬೇಡ. ಕಾಫಿ ತೋಟದ ಅಂಚಿನ ಹುಲ್ಲುಗುಡ್ಡೆ, ಕೆಳಗೆ ಹಳ್ಳ, ಎದುರಿಗೆ ಮಲೆಸಾಲು. ಫೋನಿನಲ್ಲಿ ವಿಚಾರಿಸಿದಾಗ ರಾತ್ರಿ ಬೆಂಕಿ ಹಾಕಿ ಕೂರಬಹುದು, ಹಳ್ಳದಲ್ಲಿ ಮೀಯಬಹುದು, ಮಕ್ಕಳು ಎಷ್ಟು ಬೇಕಾದರೂ ಓಡಾಡಬಹುದು ಎಂದಿದ್ದರು. ಪೂರ್ತಿ ಹಣ ಮುಂಗಡವಾಗಿ ಕಳಿಸಿದ್ದೆವು. ಗೇಟಿನ ಹೊರಗೆ ಕಾರು ನಿಲ್ಲಿಸಿ ಚೀಲ ಇಳಿಸುವಾಗ ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಕೈಗೆ ಬಂತು. ಹಳ್ಳಕ್ಕೆ ಇಳಿಯಬಾರದು. ಬೆಂಕಿ ಎಂಟೂವರೆಯವರೆಗೆ ಮಾತ್ರ, ಸೌದೆಗೆ ಬೇರೆ ದುಡ್ಡು. ಒಂಬತ್ತಕ್ಕೆ ದೀಪ ಆರಿಸಬೇಕು. ಬಿಸಿನೀರು ಬೆಳಗ್ಗೆ ಆರರಿಂದ ಏಳರವರೆಗೆ. ಹೊರಗಿನ ತಿನಿಸು, ಮಕ್ಕಳ ಬಿಸ್ಕತ್ತು ಸಹ, ಕಾರಿನಲ್ಲೇ ಇರಬೇಕು. ಆಧಾರ್ ಕಾರ್ಡಿನ ಮೂಲಪ್ರತಿ ಹೊರಡುವವರೆಗೆ ಅವರ ಬಳಿ. ಅದರ ಮೇಲೆ ನಗದಾಗಿ ಠೇವಣಿ. ಒಂಬತ್ತೂವರೆಗೆ ಗೇಟಿಗೆ ಬೀಗ.

ತಂಗಿಯ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ರಾತ್ರಿ ಹನ್ನೊಂದರ ಹೊತ್ತಿಗೆ ಅವರಿಗೆ ಕೈಕಾಲು ನಡುಗಿ ಬೆವರು ಬಂತು. ತಿನ್ನಲು ಏನಾದರೂ ಬೇಕು. ಬಿಸ್ಕತ್ತು ಕಾರಿನಲ್ಲಿ, ಕಾರು ಬೀಗ ಹಾಕಿದ ಗೇಟಿನಾಚೆ, ಮೊಬೈಲಿಗೆ ಸಿಗ್ನಲ್ ಇಲ್ಲ. ಭಾವ ಕತ್ತಲಲ್ಲಿ ಯಜಮಾನರ ಮನೆಯವರೆಗೆ ನಡೆದು ಬಾಗಿಲು ತಟ್ಟಿದರು. ಬೀಗ ತೆಗೆದದ್ದು ನಿಜ. ತೆಗೆಯುವಾಗ ಹೇಳಿದ ಮಾತು, "ಹಾಳೆ ಕೊಟ್ಟಿದ್ದೆವಲ್ಲ, ಓದಿಲ್ವಾ?" ಅತ್ತೆಯವರು ಎರಡು ಬಿಸ್ಕತ್ತು ತಿಂದು ಸುಧಾರಿಸಿಕೊಂಡರು, ಆದರೆ ತನ್ನಿಂದ ಎಲ್ಲರಿಗೂ ತೊಂದರೆಯಾಯಿತು ಎಂಬ ಕೊರಗು ಅವರಿಗೆ ಬೆಳಗಿನವರೆಗೂ ಹೋಗಲಿಲ್ಲ. ಹೊರಡುವಾಗ ಟೆಂಟಿನ ಜಿಪ್ ಹಾಳಾಗಿದೆ ಎಂದು ಠೇವಣಿಯಲ್ಲಿ ಐನೂರು ಮುರಿದುಕೊಂಡರು. ನಾವು ಬಂದಾಗಲೇ ಅದಕ್ಕೆ ಸೇಫ್ಟಿ ಪಿನ್ ಹಾಕಿತ್ತು. ಇಷ್ಟಾಗಿಯೂ ಆ ಮನುಷ್ಯ ಕೆಟ್ಟವರು ಎಂದು ನನಗೆ ಅನಿಸಲಿಲ್ಲ. ದಣಿದವರ ಹಾಗೆ, ಹೆದರಿದವರ ಹಾಗೆ ಕಂಡರು.

ಆ ಹೆದರಿಕೆ ಎಲ್ಲಿಂದ ಬರುತ್ತದೆ ಎಂದು ಊರಿನವನಾಗಿ ನಾನು ಹೇಳಬಲ್ಲೆ. ನಮ್ಮ ಸುಳ್ಯ ತಾಲೂಕಿನಲ್ಲಿ ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜ ಈ ಸಾಲಿನ ಅಡಕೆ ತೋಟಗಳಿಗೆ ಹಳದಿ ಎಲೆ ರೋಗ ಹೊಕ್ಕು ಬಹಳ ಕಾಲವಾಯಿತು. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿಗೆ ನಂಟಿರುವ ಈ ರೋಗಕ್ಕೆ ಮದ್ದಿಲ್ಲ. ಸೋಗೆ ಹಳದಿಯಾಗುತ್ತದೆ, ಕಾಯಿ ಉದುರುತ್ತದೆ, ಇಳುವರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಅಡಕೆಯೊಂದನ್ನೇ ನಂಬಿ ಮಕ್ಕಳನ್ನು ಓದಿಸಿದ ಮನೆಗಳು ಬೇರೆ ಆದಾಯ ಹುಡುಕಬೇಕಾಯಿತು. ಕೆಲವರು ರಬ್ಬರ್ ಹಾಕಿದರು, ಕೆಲವರು ತಾಳೆಗೆ ಹೋದರು. ಕುಕ್ಕೆ ಸುಬ್ರಹ್ಮಣ್ಯ, ಕುಮಾರ ಪರ್ವತ, ತೊಡಿಕಾನದ ಮತ್ಸ್ಯತೀರ್ಥ, ದೇವರಗುಂಡಿ ಜಲಪಾತ ಎಂದು ಬರುವವರನ್ನು ಕಂಡು ಇನ್ನು ಕೆಲವರು ಮಕ್ಕಳು ಊರು ಬಿಟ್ಟ ಮೇಲೆ ಖಾಲಿಯಾದ ಕೋಣೆಗಳನ್ನು ಬಾಡಿಗೆಗೆ ಇಟ್ಟರು. ಇಂಥವರಿಗೆ ಹೋಟೆಲು ನಡೆಸಿ ಗೊತ್ತಿಲ್ಲ. ಬಂದವರಿಗೆ ಬೆಲ್ಲ ನೀರು ಕೊಟ್ಟು, ಊಟಕ್ಕೆ ಏಳಿಸಿ, ಜಗಲಿಯಲ್ಲಿ ಚಾಪೆ ಹಾಸಿ ಗೊತ್ತು. ಆ ಉಪಚಾರಕ್ಕೆ ರೇಟು ಕಟ್ಟುವುದು, ಬಂದವರು ತಪ್ಪು ಮಾಡಿದರೆ ಹೇಗೆ ಹೇಳುವುದು, ಇವೆರಡನ್ನೂ ಅವರು ಬಂದ ಅತಿಥಿಗಳ ಮೇಲೆಯೇ ಕಲಿಯುತ್ತಿದ್ದಾರೆ.

ಅಂಗಳದ ವಿಚಾರವನ್ನೇ ನೋಡಿ. ಪ್ರವಾಸಿಗರು ಹೆಚ್ಚು ಬರುವುದು ಡಿಸೆಂಬರ್, ಜನವರಿಯಲ್ಲಿ. ಅದೇ ಹೊತ್ತಿಗೆ ನಮ್ಮಲ್ಲಿ ಅಡಕೆ ಕೊಯ್ಲು. ಹಣ್ಣಡಕೆಯನ್ನು ಅಂಗಳದಲ್ಲಿ ಹರಡಿ ನಲವತ್ತು ನಲವತ್ತೈದು ದಿನ ಬಿಸಿಲಿಗೆ ಒಣಗಿಸಿದರೆ ಚಾಲಿ ಆಗುತ್ತದೆ. ನೀರು ಬಿದ್ದರೆ, ತುಳಿದು ಚೆದುರಿಸಿದರೆ, ಒಣಗಿದ್ದಕ್ಕೆ ಹಸಿ ಸೇರಿದರೆ ಮಾಲು ಕೆಡುತ್ತದೆ, ದರ ಬೀಳುತ್ತದೆ. ಬೆಂಗಳೂರಿನಿಂದ ಬಂದ ಮಗುವಿಗೆ ಅದು ಕೇಸರಿ ಬಣ್ಣದ ಚೆಂಡುಗಳ ರಾಶಿ. ಓಡಿಹೋಗಿ ಒದ್ದರೆ ತಾಯಿ ನಕ್ಕು ಫೋಟೊ ತೆಗೆಯುತ್ತಾಳೆ. ಮನೆಯ ಯಜಮಾನಿ ಒಳಗಿನಿಂದ ಕೂಗಿದರೆ ಅದು ಗದರಿಕೆಯಾಗಿ ಕೇಳುತ್ತದೆ. ಆಕೆಗೆ ಕಾಣುವುದು ಒಂದು ವರ್ಷದ ಗಳಿಕೆ. ಮಳೆಗಾಲದಲ್ಲಿ ಬಂದರೆ ತೋಟಕ್ಕೆ ಹೋಗಬೇಡಿ ಎನ್ನುತ್ತಾರೆ. ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣ ಕಲಸಿದ ಬೋರ್ಡೊ ದ್ರಾವಣವನ್ನು ಮರದ ತುದಿಗೆ ಹೊಡೆಯುವ ಕಾಲ ಅದು. ಕೆಳಗೆ ನಿಂತವರ ಕಣ್ಣಿಗೆ ಬಿದ್ದರೆ ಆಸ್ಪತ್ರೆ. ತೋಟದ ಬದುವಿನಲ್ಲಿ ಜೇನುಪೆಟ್ಟಿಗೆ ಇರುತ್ತದೆ. ತೋಡಿಗೆ ಹಾಕಿದ ಕಟ್ಟದ ಮೇಲೆ ನಡೆದರೆ ಹಲಗೆ ಜರುಗಿ ನೀರು ಹೋಗುತ್ತದೆ, ಆ ನೀರೇ ಬೇಸಗೆಯ ತೋಟಕ್ಕೆ ಆಧಾರ. ಹೀಗೆ ಒಂದೊಂದು ಬೇಡ ಎಂಬುದರ ಹಿಂದೆಯೂ ಒಂದು ಕಾರಣ ಇದೆ. ಆ ಕಾರಣವನ್ನು ಅತಿಥಿಗೆ ಯಾರೂ ಹೇಳುವುದಿಲ್ಲ ಎಂಬುದು ನನ್ನ ತಕರಾರು.

ರಾತ್ರಿ ಹೊರಗೆ ಹೋಗಬೇಡಿ ಎಂಬ ನಿಯಮಕ್ಕೆ ನಮ್ಮ ಕಡೆ ಎರಡು ಮಾತಿಲ್ಲ. ಮಂಡೆಕೋಲು, ಆಲೆಟ್ಟಿ, ಅರಂತೋಡು ಕಡೆಯ ತೋಟಗಳಿಗೆ ಆನೆ ಇಳಿಯುವುದು ಹೊಸ ಸುದ್ದಿಯಲ್ಲ. 2023ರ ಫೆಬ್ರವರಿ 20ರಂದು ಪಕ್ಕದ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಆನೆಯ ದಾಳಿಗೆ ಇಬ್ಬರು ಜೀವ ಕಳೆದುಕೊಂಡರು, ಅದೂ ಬೆಳಗಿನ ಹೊತ್ತಿನಲ್ಲಿ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿಯಲ್ಲಿ ಟೆಂಟಿನಲ್ಲಿ ತಂಗಿದ್ದ ಕಣ್ಣೂರಿನ ಯುವ ಶಿಕ್ಷಕಿಯೊಬ್ಬರು ಟೆಂಟಿನ ಹೊರಗೆ ಬಂದಾಗ ಆನೆ ತುಳಿದು ತೀರಿಕೊಂಡರು. ಕಾಡಿನಂಚಿನಲ್ಲಿ ಬಟ್ಟೆಯ ಗೋಡೆಯೊಳಗೆ ಜನರನ್ನು ಮಲಗಿಸುವವರು ಆ ಸುದ್ದಿಯನ್ನು ಮರೆಯಬಾರದು, ಮಲಗುವವರೂ ಮರೆಯಬಾರದು. ಟೆಂಟಿನೊಳಗೆ ತಿನಿಸು ಇಡಬೇಡಿ ಎಂಬುದಕ್ಕೂ ಇದರಲ್ಲೇ ಕಾರಣವಿದೆ. ವಾಸನೆಗೆ ಹಂದಿ ಬರುತ್ತದೆ, ಆನೆಯೂ ಬರುತ್ತದೆ. ನಮಗೆ ಬಿಸ್ಕತ್ತು ಕಾರಿನಲ್ಲಿಡಿ ಎಂದವರು ಇದೇ ಒಂದು ವಾಕ್ಯ ಹೇಳಿದ್ದರೆ ಅತ್ತೆಯವರಿಗೆ ಬೇಕಾಗುವ ತಿನಿಸನ್ನು ಅವರ ಅಡುಗೆಮನೆಯಲ್ಲಿಟ್ಟು ಮಲಗುತ್ತಿದ್ದೆವು.

ಬೆಂಕಿಯದ್ದು ಕಾನೂನಿನ ವಿಷಯ. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಘಟ್ಟದ ಒಣಹುಲ್ಲಿಗೆ ಒಂದು ಕಿಡಿ ಸಾಕು. ಕಾಡಿಗೆ ಬೆಂಕಿ ತಗಲಿದರೆ ಅರಣ್ಯ ಕಾಯಿದೆಯ ಪ್ರಕರಣದ ಹೆದರಿಕೆ ಜಾಗದವನಿಗೆ, ಗಿಟಾರ್ ಹಿಡಿದು ಬಂದು ಹೋದವರಿಗಲ್ಲ. ಸದ್ದಿನದ್ದೂ ಕಾನೂನೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಜನವಸತಿಯಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ನಮ್ಮ ಹಳ್ಳಿಯ ರಾತ್ರಿ ಎಷ್ಟು ಮೌನವೆಂದರೆ ಒಂದು ಗುಡ್ಡೆಯ ಬ್ಲೂಟೂತ್ ಸ್ಪೀಕರ್ ಎದುರು ಗುಡ್ಡೆಯ ಮನೆಯಲ್ಲಿ ಕೇಳುತ್ತದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ರಬ್ಬರ್ ಟ್ಯಾಪಿಂಗಿಗೆ ಹೋಗುವವರು ಆ ಮನೆಯಲ್ಲಿದ್ದಾರೆ. ಅವರು ಮರುದಿನ ಪಂಚಾಯತಿಗೆ ದೂರು ಕೊಟ್ಟರೆ ಪರವಾನಗಿಗೆ ಕುತ್ತು.

ಇನ್ನೊಂದು ಹೆದರಿಕೆ ಇದೆ, ಅದನ್ನು ನಮ್ಮ ಜಿಲ್ಲೆಯವರು ಬಾಯಿಬಿಟ್ಟು ಹೇಳುವುದು ಕಡಿಮೆ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಒಂದು ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಗುಂಪೊಂದು ನುಗ್ಗಿ ಹೊಡೆಯಿತು. ದೃಶ್ಯಗಳು ದೇಶವಿಡೀ ಟಿವಿಯಲ್ಲಿ ಬಂದವು. ಹನ್ನೆರಡು ವರ್ಷ ಕಳೆದು 2024ರ ಆಗಸ್ಟಿನಲ್ಲಿ ಮಂಗಳೂರಿನ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ಆ ಘಟನೆ ಆದಮೇಲೆ ಕರಾವಳಿಯಲ್ಲಿ ಕೋಣೆ ಬಾಡಿಗೆಗೆ ಕೊಡುವವರ ಮನಸ್ಸಿನಲ್ಲಿ ಒಂದು ಲೆಕ್ಕಾಚಾರ ಕೂತುಬಿಟ್ಟಿದೆ: ಮದುವೆಯಾದವರೇ, ಯಾವ ಊರಿನವರು, ಪಾರ್ಟಿ ಮಾಡುತ್ತಾರೆಯೇ, ನೆರೆಯವರು ಏನೆಂದಾರು. ತೊಡಿಕಾನದ ದೇವರಗುಂಡಿಯಲ್ಲಿ 2020ರಲ್ಲಿ ನಡೆದ ಫೋಟೊಶೂಟ್ ಒಂದು ಊರಿನ ಆಕ್ಷೇಪಕ್ಕೆ, ಪ್ರತಿಭಟನೆಗೆ ಕಾರಣವಾದ ಮೇಲೆ ಜಲಪಾತದ ದಾರಿ ತೋರಿಸುವವರೂ ಎರಡು ಬಾರಿ ಯೋಚಿಸುತ್ತಾರೆ. 2025ರ ಮಾರ್ಚ್ 6ರ ರಾತ್ರಿ ಗಂಗಾವತಿ ತಾಲೂಕಿನ ಸಾಣಾಪುರದಲ್ಲಿ ನಡೆದದ್ದಂತೂ ಭೀಕರ. ಅತಿಥಿಗಳಿಗೆ ನಕ್ಷತ್ರ ತೋರಿಸಲು ಕಾಲುವೆಯ ಬದಿಗೆ ಕರೆದೊಯ್ದ ಹೋಂಸ್ಟೇಯ ಮಹಿಳೆ ಮತ್ತು ಒಬ್ಬ ವಿದೇಶಿ ಮಹಿಳೆಯ ಮೇಲೆ ಅತ್ಯಾಚಾರವಾಯಿತು, ಕಾಲುವೆಗೆ ತಳ್ಳಲ್ಪಟ್ಟ ಪ್ರವಾಸಿಯೊಬ್ಬರು ಸತ್ತರು. ಅತಿಥಿಯನ್ನು ನಂಬಿ, ಊರನ್ನು ನಂಬಿ ಕತ್ತಲಲ್ಲಿ ಹೊರಟ ಆತಿಥೇಯಳಿಗೆ ಆದ ಗತಿ ಅದು. ರಾತ್ರಿ ಒಂಬತ್ತರ ಮೇಲೆ ಯಾರೂ ಹೊರಗೆ ಹೋಗಬಾರದು ಎಂದು ಈಗ ಯಾವ ಮಾಲೀಕ ಹಟ ಹಿಡಿದರೂ ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ಮದುವೆಯ ಪ್ರಶ್ನೆಗೆ ಮಾತ್ರ ನೇರವಾಗಿ ಉತ್ತರಿಸುತ್ತೇನೆ, ಪತ್ರ ಬರೆಯುವ ತರುಣ ತರುಣಿಯರು ಹೆಚ್ಚು ಕೇಳುವುದು ಇದನ್ನೇ. ವಯಸ್ಕರಾದ ಇಬ್ಬರು ಮದುವೆಯಾಗದೆ ಒಂದು ಕೋಣೆಯಲ್ಲಿ ತಂಗಬಾರದು ಎಂಬ ಕಾನೂನು ನಮ್ಮ ದೇಶದಲ್ಲಿಲ್ಲ. 2019ರ ಡಿಸೆಂಬರಿನಲ್ಲಿ ಮದರಾಸು ಹೈಕೋರ್ಟ್ ಕೊಯಮತ್ತೂರಿನ ಒಂದು ವಸತಿಗೃಹದ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗೆಂದು ತಾನು ವಾಸಿಸುವ ಮನೆಯ ಕೋಣೆಯನ್ನು ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುವ ಮನೆಯವರನ್ನು ಕಾನೂನು ಬಲವಂತ ಮಾಡುವುದೂ ಇಲ್ಲ. 2025ರ ಜನವರಿಯಲ್ಲಿ ಓಯೊ ಕಂಪನಿ ಮೀರತ್ತಿನಲ್ಲಿ ಇಂಥ ಜೋಡಿಗಳನ್ನು ಒಪ್ಪುವುದು ಬಿಡುವುದನ್ನು ಅಲ್ಲಿನ ಹೋಟೆಲಿನವರಿಗೆ ಬಿಟ್ಟುಕೊಟ್ಟಾಗ ದೊಡ್ಡ ಚರ್ಚೆಯಾಯಿತು. ನನ್ನ ಅಭಿಪ್ರಾಯ ಸರಳ. ಕೊಡುವುದಿಲ್ಲ ಎಂದಾದರೆ ಬುಕಿಂಗ್ ಮಾಡುವಾಗಲೇ ಹೇಳಬೇಕು. ಮುಂಗಡ ತೆಗೆದುಕೊಂಡು, ಆ ಇಬ್ಬರು ಮುನ್ನೂರು ಕಿಲೋಮೀಟರ್ ಬಂದ ಮೇಲೆ, ಮುಸ್ಸಂಜೆಯಲ್ಲಿ ಗೇಟಿನ ಹತ್ತಿರ ನಿಲ್ಲಿಸಿ ತಾಳಿ ಎಲ್ಲಿ ಎಂದು ಕೇಳುವುದು ಕ್ರೌರ್ಯ. ಆ ಹೊತ್ತಿನಲ್ಲಿ ಅವರನ್ನು ಘಟ್ಟದ ರಸ್ತೆಗೆ ವಾಪಸು ಕಳಿಸುವುದು ಅಪಾಯ ಕೂಡ.

ಕಟ್ಟುನಿಟ್ಟಾಗಿದ್ದೂ ಯಾರಿಗೂ ಬೇಸರ ತರದ ಜಾಗ ನಮ್ಮ ಬಳಿಯಲ್ಲೇ ಇದೆ. ಸುಬ್ರಹ್ಮಣ್ಯದಿಂದ ಕುಮಾರ ಪರ್ವತಕ್ಕೆ ಹತ್ತುವವರು ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ ಸಾಂಬಾರು ಮಜ್ಜಿಗೆ ಉಂಡು ಸುಧಾರಿಸಿಕೊಳ್ಳುವುದು ತಲೆಮಾರುಗಳಿಂದ ನಡೆದುಬಂದದ್ದು. ಅಲ್ಲಿ ಸಿಗುವುದು ಏನು, ಸಿಗದ್ದು ಏನು ಎಂದು ಹತ್ತುವವರಿಗೆಲ್ಲ ಮೊದಲೇ ಗೊತ್ತು. ಅದಕ್ಕಿಂತ ಹೆಚ್ಚು ಕೊಡಿ ಎಂದು ಯಾರೂ ಕೇಳುವುದಿಲ್ಲ. ಮುಂದೆ 1,712 ಮೀಟರಿನ ಶಿಖರದವರೆಗೆ ಪುಷ್ಪಗಿರಿ ವನ್ಯಜೀವಿಧಾಮದ ಕಾಡು. ಶಿಖರದಲ್ಲಿ ಟೆಂಟ್ ಹಾಕುವಂತಿಲ್ಲ, ಬೆಂಕಿ ಹಾಕುವಂತಿಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಆ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದ ಚಿತ್ರಗಳನ್ನು ನೀವೂ ನೋಡಿರಬಹುದು. ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸಿ, ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ವಿಹಾರ ಎಂಬ ಆನ್‌ಲೈನ್ ವ್ಯವಸ್ಥೆ ತಂದಿತು. ಒಂದು ಹಾದಿಗೆ ದಿನಕ್ಕೆ 300 ಜನ ಮಾತ್ರ, ಮೊದಲೇ ಟಿಕೆಟ್ ಮಾಡಬೇಕು. ಯಾವ ಹೋಂಸ್ಟೇಯ ನಿಯಮಕ್ಕಿಂತಲೂ ಬಿಗಿಯಾದ ನಿಯಮ ಇದು. ಆದರೆ ಅವಮಾನವಾಯಿತು ಎಂದು ದೂರುವವರು ನನಗೆ ಸಿಕ್ಕಿಲ್ಲ. ಸೀಟು ಸಿಗಲಿಲ್ಲ ಎಂದು ಬೇಸರಪಡುತ್ತಾರೆ, ಮುಂದಿನ ವಾರಕ್ಕೆ ನೋಡುತ್ತಾರೆ. ಮನೆಯಿಂದ ಹೊರಡುವ ಮೊದಲೇ ಎಲ್ಲ ಗೊತ್ತಿರುವುದರಿಂದ ಅವರು ಬೇಕೋ ಬೇಡವೋ ಎಂದು ತಾವೇ ನಿರ್ಧರಿಸಿರುತ್ತಾರೆ.

ಜರ್ಮನಿಯಲ್ಲಿ ನೆಲೆಸಿದ ನಮ್ಮ ಕಡೆಯ ಸಂಸಾರಗಳು ಬೇಸಗೆಯಲ್ಲಿ ಕ್ಯಾಂಪಿಂಗಿಗೆ ಹೋಗುವುದುಂಟು. ಅಲ್ಲಿ ಹಲವು ಕ್ಯಾಂಪುಗಳಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ವಿಶ್ರಾಂತಿಯ ಹೊತ್ತು. ಆಗ ಗೇಟಿನ ಅಡ್ಡಗಂಬ ಇಳಿದಿರುತ್ತದೆ, ಕಾರು ಒಳಗೆ ಹೋಗುವುದಿಲ್ಲ, ಸದ್ದು ಮಾಡುವಂತಿಲ್ಲ. ಮಧ್ಯಾಹ್ನ ಒಂದೂವರೆಗೆ ಹಸಿದ ಮಕ್ಕಳೊಡನೆ ತಲುಪಿದವರೂ ಹೊರಗೇ ಕಾಯಬೇಕು. ಇದು ಬುಕಿಂಗಿನ ಕಾಗದದಲ್ಲೇ ಅಚ್ಚಾಗಿರುತ್ತದೆ. ಅದನ್ನು ಯಾರೂ ತಮ್ಮ ಮೇಲಿನ ಅಪನಂಬಿಕೆ ಎಂದು ತಿಳಿಯುವುದಿಲ್ಲ.

ಹಾಗಾದರೆ ಮಾಲೀಕರ ಕಡೆಯ ತಪ್ಪು ಎಲ್ಲಿ ಶುರುವಾಗುತ್ತದೆ? ದುಡ್ಡು ಕೈಗೆ ಬಂದ ಮೇಲೆ ನಿಯಮ ಹುಟ್ಟುವಲ್ಲಿ. ಹಳ್ಳದಲ್ಲಿ ಮೀಯಬಹುದು ಎಂದು ಫೋನಿನಲ್ಲಿ ಹೇಳಿ ಹಾಳೆಯಲ್ಲಿ ಇಲ್ಲ ಎಂದರೆ, ಹೇಳಿದ ಸೇವೆಯನ್ನು ಕೊಡಲಿಲ್ಲ ಎಂದೇ ಅರ್ಥ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದನ್ನು ಸೇವಾನ್ಯೂನತೆ ಎನ್ನುತ್ತದೆ. ಆದ ನಷ್ಟಕ್ಕೆ ತಕ್ಕುದಲ್ಲದ ದಂಡ, ವಿಪರೀತ ಠೇವಣಿ, ಒಂದೇ ಪಕ್ಷ ತನಗೆ ಬೇಕಾದಂತೆ ರದ್ದು ಮಾಡುವ ಹಕ್ಕು, ಇಂಥವನ್ನು ಆ ಕಾಯಿದೆ ಅನ್ಯಾಯದ ಕರಾರು ಎಂದು ಬಣ್ಣಿಸಿದೆ. ಕೇಳುವವರು ಯಾರು ಎಂದವರಿಗೆ ಉತ್ತರ: ಮೊದಲು 1915 ಗ್ರಾಹಕ ಸಹಾಯವಾಣಿ. ಅಲ್ಲಿ ಆಗದಿದ್ದರೆ ಸೇವಾನ್ಯೂನತೆಯ ದೂರಿಗೆ ನಿಮ್ಮ ಊರಿನ ಜಿಲ್ಲಾ ಗ್ರಾಹಕ ಆಯೋಗ. ಎರಡು ವರ್ಷದೊಳಗೆ ದೂರು ಕೊಡಬೇಕು. ತಂಗಿದ ಜಿಲ್ಲೆಗೆ ಹೋಗಬೇಕಾಗಿಲ್ಲ, ನೀವು ವಾಸಿಸುವ ಕಡೆಯೇ ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಐನೂರು ರೂಪಾಯಿಗೆ ಯಾರು ಅಲೆಯುತ್ತಾರೆ ಎನ್ನಬಹುದು. ಫೋನಿನ ಮಾತನ್ನು ವಾಟ್ಸ್ಆ್ಯಪಿನಲ್ಲಿ ಒಮ್ಮೆ ಬರೆಸಿಕೊಂಡಿದ್ದರೆ ಅಲೆಯುವ ಪ್ರಮೇಯವೇ ಹೆಚ್ಚಿನ ಸಲ ಬರುವುದಿಲ್ಲ. ಬರೆದದ್ದನ್ನು ತೋರಿಸಿದರೆ ಬಹುತೇಕ ಮಾಲೀಕರು ಅಲ್ಲೇ ಸರಿಮಾಡುತ್ತಾರೆ.

ಎರಡು ಸಂಗತಿಗಳನ್ನು ಮಾತ್ರ ನಾನು ಯಾವ ಕಾರಣ ಹೇಳಿದರೂ ಒಪ್ಪುವುದಿಲ್ಲ. ಮೊದಲನೆಯದು ಗುರುತಿನ ಚೀಟಿಯದ್ದು. ಅದನ್ನು ನೋಡುವುದು, ಪ್ರತಿ ಇಟ್ಟುಕೊಳ್ಳುವುದು, ವಿದೇಶಿಯರಾದರೆ 24 ಗಂಟೆಯೊಳಗೆ ಅವರ ವಿವರವನ್ನು ಸರಕಾರಕ್ಕೆ ಕಳಿಸುವುದು ಮಾಲೀಕರ ಕರ್ತವ್ಯ. ಮೂಲಪ್ರತಿಯನ್ನು ಒತ್ತೆಯಾಗಿ ಇಟ್ಟುಕೊಳ್ಳುವುದು ಅದರಲ್ಲಿ ಸೇರುವುದಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಪ್ರತಿಯನ್ನು ಯಾರು ಬೇಕಾದರೂ ಪಡೆಯಬಹುದು, ಅದನ್ನೇ ಕೊಡಿ. ಎರಡನೆಯದು ಗೇಟಿನ ಬೀಗ. ಆನೆಗೆ, ಕಳ್ಳರಿಗೆ ಗೇಟು ಹಾಕಲಿ, ಆದರೆ ಕೀಲಿಕೈ ಒಳಗಿರುವವರ ಕೈಗೆಟುಕುವಂತಿರಬೇಕು. ನಮ್ಮ ಘಟ್ಟದ ಬದಿಯಲ್ಲಿ ರಾತ್ರಿ ಹಾವು ಕಚ್ಚಬಹುದು, ಎದೆನೋವು ಬರಬಹುದು, ಗರ್ಭಿಣಿಗೆ ನೋವು ಕಾಣಿಸಬಹುದು. ಇಲ್ಲಿನ ಎಷ್ಟೋ ಮೂಲೆಗಳಿಂದ ಸುಳ್ಯದ ಆಸ್ಪತ್ರೆಗೆ ತಲುಪಲು ಒಳ್ಳೆಯ ರಸ್ತೆಯಲ್ಲೂ ಸಾಕಷ್ಟು ಹೊತ್ತು ಬೇಕು. ಆ ಹೊತ್ತಿಗೆ ಬೀಗ ತೆಗೆಸುವ ಹೊತ್ತನ್ನೂ ಸೇರಿಸುವ ಹಕ್ಕು ಯಾರಿಗೂ ಇಲ್ಲ. ತಂಗಿಯ ಅತ್ತೆಯವರಿಗೆ ಅಂದು ಬೇಕಾದದ್ದು ಬಿಸ್ಕತ್ತು. ಇನ್ನೊಬ್ಬರಿಗೆ ಇನ್ನೇನೋ ಬೇಕಾಗಬಹುದು.

ಅತಿಥಿಗಳಿಗೂ ಒಂದು ಮಾತು ಹೇಳಬೇಕು. ಹೋಂಸ್ಟೇ ಎಂದರೆ ಮನೆಯವರು ವಾಸವಿರುವ ಮನೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲೂ ಮನೆಯವರು ಅಲ್ಲೇ ಇರಬೇಕು, ಬಾಡಿಗೆಗೆ ಕೊಡುವ ಕೋಣೆ ಒಂದರಿಂದ ಆರರೊಳಗಿರಬೇಕು ಎಂದಿದೆ. ರಿಸಾರ್ಟಿನ ಸ್ವಾತಂತ್ರ್ಯ ಬೇಕಾದವರು ಅಲ್ಲಿಗೆ ಹೋದರೆ ಇಬ್ಬರಿಗೂ ಬೇಸರ. ಹೋಗುವುದಾದರೆ ಫೋನ್ ಮಾಡಿದಾಗ ಕೋಣೆ ಎಷ್ಟು, ವೈಫೈ ಉಂಟೋ ಎಂದು ಕೇಳುವ ಜೊತೆಗೆ ನಿಮ್ಮಲ್ಲಿ ಏನೇನು ಮಾಡಬಾರದು ಎಂದೂ ಕೇಳಿ. ಈ ಪ್ರಶ್ನೆಗೆ ಸಿಡುಕದೆ, ಕಾರಣ ಸಮೇತ ಉತ್ತರಿಸುವ ಮನೆ ಹೆಚ್ಚುಕಡಿಮೆ ಒಳ್ಳೆಯದೇ ಇರುತ್ತದೆ. ರಾತ್ರಿ ತುರ್ತಾದರೆ ಯಾರನ್ನು ಎಬ್ಬಿಸಬೇಕು, ಸಿಗ್ನಲ್ ಎಲ್ಲಿ ಸಿಗುತ್ತದೆ, ಠೇವಣಿ ಯಾವುದಕ್ಕೆ ಮುರಿಯುತ್ತಾರೆ, ಈ ಮೂರನ್ನು ಬಿಡಬೇಡಿ. ತಲುಪಿದ ಕೂಡಲೇ ಟೆಂಟು, ಮಂಚ, ನಲ್ಲಿ ಎಲ್ಲದರ ಫೋಟೊ ತೆಗೆದು ಅವರಿಗೇ ಕಳಿಸಿ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಸೇಫ್ಟಿ ಪಿನ್ನಿನ ಜಗಳ ಹುಟ್ಟುವುದೇ ಇಲ್ಲ.

ನಮ್ಮ ನೆರೆಕರೆಯ ದಂಪತಿ, ನಾನು ಅಣ್ಣ, ಅಕ್ಕ ಎಂದು ಕರೆಯುವವರು, ಕೆಲವು ಕಾಲದಿಂದ ಎರಡು ಕೋಣೆ ಬಾಡಿಗೆಗೆ ಕೊಡುತ್ತಿದ್ದಾರೆ. ಬಂದವರ ಜೊತೆ ಮಾತಿಗೆ ಮಾತು ಬೆಳೆದದ್ದು ಅವರಿಗೂ ಆಗಿದೆ. ಈ ಸಲ ಅಡಕೆ ಕೊಯ್ಲಿಗೆ ಮೊದಲು, ಅತಿಥಿಗಳಿಗೆ ಕಳಿಸಲು ಒಂದು ಪುಟ ಬರೆದುಕೊಡಿ ಎಂದು ನನ್ನಲ್ಲಿ ಕೇಳಿದರು. ಜಗಲಿಯಲ್ಲಿ ಕೂತು ಒಂದೊಂದಾಗಿ ಬರೆದೆವು. ಅವರು ಹೇಳುವ ಪ್ರತಿ ಬೇಡಕ್ಕೂ ನಾನು ಯಾಕೆ ಎಂದು ಕೇಳುತ್ತಿದ್ದೆ. ಉತ್ತರ ಸಿಕ್ಕಿದ್ದು ಕಾರಣದೊಡನೆ ಪುಟಕ್ಕೆ ಹೋಯಿತು. ಬಚ್ಚಲ ಹಂಡೆಯ ನೀರು ಏಳೂವರೆಗೆ ಮುಗಿಯುತ್ತದೆ, ತಡವಾಗಿ ಏಳುವವರು ಹಿಂದಿನ ರಾತ್ರಿ ಹೇಳಿದರೆ ಮತ್ತೆ ಉರಿ ಹಾಕುತ್ತೇವೆ ಎಂದು ಸೇರಿತು. ಮಧ್ಯಾಹ್ನ ಜೋರಾಗಿ ಮಾತಾಡಬಾರದು ಎಂಬುದಕ್ಕೆ ಅವರಿಗೇ ಕಾರಣ ಹೊಳೆಯಲಿಲ್ಲ, ಅದನ್ನು ಅಣ್ಣ ತಾವೇ ಹೊಡೆದುಹಾಕಿದರು. ಮನೆಯವರು ಅತಿಥಿಗೆ ಕೊಡುವ ಮಾತುಗಳನ್ನೂ ಅದೇ ಪುಟದಲ್ಲಿ ಬರೆದೆವು: ಗೇಟಿನ ಕೀಲಿಕೈ ಜಗಲಿಯ ಮೊಳೆಯಲ್ಲಿರುತ್ತದೆ, ಜೀಪು ಓಡಿಸುವ ಮಗ ಮನೆಯಲ್ಲೇ ಮಲಗಿರುತ್ತಾನೆ. ಪುಟ ಈಗ ಮುಂಗಡ ಕೇಳುವ ಮೊದಲೇ ವಾಟ್ಸ್ಆ್ಯಪಿನಲ್ಲಿ ಹೋಗುತ್ತದೆ. ಓದಿ ಬೇಡ ಎಂದವರೂ ಇದ್ದಾರೆ.

ಠೇವಣಿಯ ಸಾಲನ್ನು ಇನ್ನೂ ಬರೆದಿಲ್ಲ. ಅಣ್ಣನಿಗೆ ಅದು ಬೇಡ, ಬಂದವರನ್ನು ಮೊದಲೇ ಕಳ್ಳರ ಹಾಗೆ ನೋಡಿದಂತಾಗುತ್ತದೆ ಎನ್ನುತ್ತಾರೆ. ಅಕ್ಕನಿಗೆ ಬೇಕು. ಅಂಗಳದ ಅಡಕೆಗೆ ಒಮ್ಮೆ ಯಾರೋ ಟೀ ಚೆಲ್ಲಿ ಹೋದದ್ದನ್ನು ಅವರು ಮರೆತಿಲ್ಲ. ನಾನು ಅಕ್ಕನ ಪಕ್ಷ, ಮೊತ್ತ ಚಿಕ್ಕದಿದ್ದರೆ ಮತ್ತು ಯಾವುದಕ್ಕೆ ಎಷ್ಟು ಎಂದು ಬರೆದಿದ್ದರೆ. ಬರುವ ಭಾನುವಾರ ಮತ್ತೆ ಕೂತು ಅದನ್ನು ತೀರ್ಮಾನಿಸಬೇಕು.